ಕಾಯಿದೆ–ಕಟ್ಟಳೆ: ಹಕ್ಕಿಯ ಶಿಕಾರಿಗೆ ಪರವಾನಿಗೆ ಎಲ್ಲಿ ಸಿಗುತ್ತದೆ?

ಸೂರತ್ತಿನ ಗೃಹಸ್ಥರೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರ ಊರು ಧಾರವಾಡದ ಕಡೆಯದು. ಹಳೆಯ ಮನೆಯನ್ನು ಇಳಿಸುವಾಗ ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನವರ ಕಾಲದ ಒಂದು ಬೇಟೆಯ ಪರವಾನಿಗೆ ಸಿಕ್ಕಿತಂತೆ. ಅದರ ಜೊತೆಗೆ ಒಂದು ಜೋಡುನಳಿಗೆಯ ಕೋವಿಯೂ ಇದೆಯಂತೆ. ಕಾಲೇಜಿನಲ್ಲಿ ಓದುವ ಮಗ ಆ ಕಾಗದವನ್ನು ನೋಡಿದ ಮೇಲೆ ಬಿಡುತ್ತಿಲ್ಲ. ಅಮೆರಿಕದಲ್ಲಿರುವ ಸೋದರಮಾವ ಪ್ರತಿ ಚಳಿಗಾಲವೂ ಲೈಸೆನ್ಸು ಪಡೆದು ಬಾತುಕೋಳಿಯ ಶಿಕಾರಿಗೆ ಹೋಗುತ್ತಾರಂತೆ. “ಅಲ್ಲಿ ಸಿಗುವುದು ಇಲ್ಲೇಕೆ ಸಿಗಬಾರದು? ಅಜ್ಜನ ಪರವಾನಿಗೆಯನ್ನು ನವೀಕರಿಸಲು ಯಾವ ಕಚೇರಿಗೆ ಅರ್ಜಿ ಹಾಕಬೇಕು?” ಎಂಬುದು ಹುಡುಗನ ಪ್ರಶ್ನೆ. “ದಯವಿಟ್ಟು ಅವನಿಗೆ ತಿಳಿಯುವಂತೆ ಬರೆಯಿರಿ” ಎಂಬುದು ತಂದೆಯ ಕೋರಿಕೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಥ ಕಚೇರಿ ಇಲ್ಲ. ಅಂಥ ಅರ್ಜಿಯ ನಮೂನೆಯೂ ಇಲ್ಲ. ಭಾರತದಲ್ಲಿ ವಿನೋದಕ್ಕಾಗಿ ಕಾಡುಹಕ್ಕಿ ಹೊಡೆಯಲು ಇಂದು ಪರವಾನಿಗೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಆದರೆ ಹುಡುಗ ಕೇಳಿದ “ಏಕೆ” ಎಂಬ ಮಾತಿಗೆ ಒಂದು ವಾಕ್ಯದ ಉತ್ತರ ಸಾಲದು. ಆ ಹಳೆಯ ಕಾಗದ ಎಲ್ಲಿಂದ ಬಂತು, ಎಲ್ಲಿ ನಿಂತಿತು ಎಂಬುದನ್ನು ನೋಡಬೇಕು.

ನಮ್ಮ ದೇಶದಲ್ಲಿ ಹಕ್ಕಿಗಳ ಬಗ್ಗೆ ಮೊದಲ ಸಾರ್ವತ್ರಿಕ ಕಾಯಿದೆ ಬಂದದ್ದು 1887ರಲ್ಲಿ. ಅದು ಬಹಳ ಸಣ್ಣ ಕಾಯಿದೆ. ಮರಿ ಮಾಡುವ ಕಾಲದಲ್ಲಿ ಆಗತಾನೆ ಕೊಂದ ಕಾಡುಹಕ್ಕಿಗಳನ್ನು ಮುನಿಸಿಪಾಲಿಟಿ ಮತ್ತು ದಂಡಿನ ಪ್ರದೇಶಗಳಲ್ಲಿ ಇಟ್ಟುಕೊಳ್ಳುವುದಕ್ಕೂ ಮಾರುವುದಕ್ಕೂ ಅದು ತಡೆ ಹಾಕಿತು. ಅದರ ಬದಲಿಗೆ 1912ರಲ್ಲಿ ಕಾಡುಹಕ್ಕಿ ಮತ್ತು ಪ್ರಾಣಿಗಳ ಸಂರಕ್ಷಣೆಯ ಕಾಯಿದೆ ಬಂತು. ಅದರ ಪಟ್ಟಿಯಲ್ಲಿ ಬಾತು, ಗೌಜಲಕ್ಕಿ, ಲಾವಕ್ಕಿ, ಕಾಡುಕೋಳಿ, ನವಿಲು, ಪಾರಿವಾಳ, ಎರೆಭೂತ, ಬೆಳ್ಳಕ್ಕಿ, ಮಿಂಚುಳ್ಳಿ ಮುಂತಾದವು ಇದ್ದವು. ವರ್ಷವಿಡೀ ಅಥವಾ ವರ್ಷದ ಕೆಲವು ತಿಂಗಳು ಯಾವ ಹಕ್ಕಿಯನ್ನು ಹೊಡೆಯಬಾರದು ಎಂದು ಪ್ರಾಂತ ಸರ್ಕಾರ ಗೊತ್ತುಮಾಡಬಹುದಾಗಿತ್ತು. ಇದಕ್ಕೆ ನಿಷಿದ್ಧ ಕಾಲ ಎಂದು ಹೆಸರು. ತಪ್ಪಿ ನಡೆದವನಿಗೆ ಮೊದಲ ಸಲ 50 ರೂಪಾಯಿಯವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 100 ರೂಪಾಯಿ ಅಥವಾ ಒಂದು ತಿಂಗಳ ಸಜೆ, ಅಥವಾ ಎರಡೂ. ಮೈಸೂರು ಸಂಸ್ಥಾನದಲ್ಲಿ ಇದಕ್ಕೂ ಮುಂಚೆಯೇ, 1901ರಲ್ಲಿ, ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡುವ ರೆಗ್ಯುಲೇಷನ್ ಬಂದಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ರಾಜ್ಯ 1951ರಲ್ಲಿ ತನ್ನದೇ ಆದ ವನ್ಯಪ್ರಾಣಿ ಮತ್ತು ವನ್ಯಪಕ್ಷಿ ಸಂರಕ್ಷಣೆಯ ಕಾಯಿದೆ ಮಾಡಿತು. ಇಲ್ಲಿ ನಮಗೆ ಸ್ವಾರಸ್ಯವಾದ ಒಂದು ಸಂಗತಿಯಿದೆ. ಆಗ ಅಹಮದಾಬಾದು, ಬಡೋದೆ, ಸೂರತ್ತುಗಳೂ ಮುಂಬಯಿ ರಾಜ್ಯ; ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೂ ಮುಂಬಯಿ ರಾಜ್ಯ. ಆದುದರಿಂದ ಬಡೋದೆಯ ಹತ್ತಿರದ ವಢವಾಣಾ ಕೆರೆಯ ಬಾತಿಗೂ ಶಿರಹಟ್ಟಿಯ ಹತ್ತಿರದ ಮಾಗಡಿ ಕೆರೆಯ ಬಾತಿಗೂ 1956ರವರೆಗೆ ಒಂದೇ ಕಾಯಿದೆ. ಸೂರತ್ತಿನ ಗೃಹಸ್ಥರ ಅಜ್ಜನವರ ಕೈಯಲ್ಲಿದ್ದ ಕಾಗದ ಈ ಕಾಲದ್ದಾಗಿದ್ದರೆ, ಅದರ ಮೂಲ ಕಾಯಿದೆ ಅವರ ಮೊಮ್ಮಗ ಈಗ ವಾಸವಾಗಿರುವ ಊರಿಗೂ ಅನ್ವಯಿಸುತ್ತಿತ್ತು. ಆಮೇಲೆ ರಾಜ್ಯಗಳು ಬೇರೆಬೇರೆಯಾದವು. 1963ರಲ್ಲಿ ಗುಜರಾತವೂ ಮೈಸೂರೂ ತಮ್ಮ ತಮ್ಮ ವನ್ಯಜೀವಿ ಕಾಯಿದೆಗಳನ್ನು ಮಾಡಿಕೊಂಡವು. ಕೊನೆಗೆ 1972ರಲ್ಲಿ ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು.

ಈ 1972ರ ಕಾಯಿದೆ ಮೊದಲ ದಿನದಿಂದಲೇ ಎಲ್ಲ ಬೇಟೆಯನ್ನೂ ನಿಲ್ಲಿಸಿತೆಂದು ಬಹು ಜನ ತಿಳಿದಿದ್ದಾರೆ. ಹಾಗಲ್ಲ. ಅದರಲ್ಲಿ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ, ಜೀವಂತ ಹಿಡಿಯುವುದು ಎಂದು ನಾಲ್ಕು ಬಗೆಯ ಪರವಾನಿಗೆಗಳಿದ್ದವು. ನಿಯಮಗಳೂ ಕಟ್ಟುನಿಟ್ಟಾಗಿಯೇ ಇದ್ದವು. ಹೊಡೆದ ಪ್ರಾಣಿಗಳ ಲೆಕ್ಕ ಬರೆದಿಡತಕ್ಕದ್ದು. ಮೋಟಾರಿನಲ್ಲಿ ಕುಳಿತು ಹೊಡೆಯತಕ್ಕದ್ದಲ್ಲ. ಸೂರ್ಯ ಮುಳುಗಿದ ಮೇಲೆ ಹೊಡೆಯತಕ್ಕದ್ದಲ್ಲ. ವಿಷ ಹಾಕತಕ್ಕದ್ದಲ್ಲ, ಬೇಟೆಗಾಗಿ ಹುಲ್ಲಿಗೆ ಬೆಂಕಿ ಇಡತಕ್ಕದ್ದಲ್ಲ. ನೀರು ಕುಡಿಯಲು ಬರುವ ಜಾಗದಲ್ಲಿ ಕಾದು ಕುಳಿತು ಹೊಡೆಯತಕ್ಕದ್ದಲ್ಲ. ನೀರುಹಕ್ಕಿಗಳಿಗೆ ಇದರಿಂದ ವಿನಾಯಿತಿ, ಏಕೆಂದರೆ ಅವು ಇರುವುದೇ ನೀರಿನಲ್ಲಿ. ನಾಯಿ ಬಿಟ್ಟು ಬೇಟೆಯಾಡುವುದಕ್ಕೂ ತಡೆಯಿತ್ತು. ನೀರುಹಕ್ಕಿ, ಗೌಜಲಕ್ಕಿ, ಲಾವಕ್ಕಿಗಳ ಬೇಟೆಯಲ್ಲಿ ಮಾತ್ರ ನಾಯಿಯನ್ನು ಬಳಸಬಹುದಾಗಿತ್ತು. ಈ ನಿಯಮಗಳನ್ನು ಓದಿದರೆ ಬರೆದವರು ಬೇಟೆಯನ್ನು ಬಲ್ಲವರು ಎಂಬುದು ಗೊತ್ತಾಗುತ್ತದೆ. ಹಕ್ಕಿಗೆ ತಪ್ಪಿಸಿಕೊಳ್ಳಲು ಒಂದು ಅವಕಾಶ ಇರಲಿ, ಮರಿಮಾಡುವ ಕಾಲದಲ್ಲಿ ನೆಮ್ಮದಿ ಇರಲಿ, ಮುಂದಿನ ವರ್ಷಕ್ಕೆ ಬೀಜ ಉಳಿಯಲಿ ಎಂಬುದು ಅವುಗಳ ತಾತ್ಪರ್ಯ.

ಹಾಗಾದರೆ ಅದು ಏಕೆ ನಿಲ್ಲಲಿಲ್ಲ? ಇಂಥಷ್ಟು ಹಕ್ಕಿಗೆ ಮಾತ್ರ ಅನುಮತಿ ಎಂದು ಬರೆಯುವುದು ಸುಲಭ. ಕೆರೆಯ ದಂಡೆಯಲ್ಲಿ ಸಂಜೆ ನಿಂತು ಚೀಲ ಬಿಚ್ಚಿಸಿ ಎಣಿಸುವವರು ಬೇಕಲ್ಲ! ಸರ್ಕಾರಿ ಕಚೇರಿಯ ಮೇಜಿನ ಹಿಂದೆ ಹತ್ತು ವರ್ಷ ಕುಳಿತ ನನ್ನಂಥ ಗುಮಾಸ್ತನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ನಮೂನೆಯಲ್ಲಿ ತುಂಬಿದ ಅಂಕಿಯನ್ನು ಯಾರೂ ಹೋಗಿ ನೋಡುವುದಿಲ್ಲವೆಂದಾದರೆ ಆ ಅಂಕಿ ಯಾವಾಗಲೂ ಮಿತಿಯೊಳಗೇ ಇರುತ್ತದೆ. ಇದಲ್ಲದೆ, ಕೆರೆಯಲ್ಲಿ ಒಟ್ಟು ಎಷ್ಟು ಹಕ್ಕಿಗಳಿವೆ ಎಂಬ ಲೆಕ್ಕವಿಲ್ಲದೆ ಒಬ್ಬನಿಗೆ ಎಷ್ಟು ಕೊಡಬಹುದೆಂದು ಹೇಳುವುದು ಹೇಗೆ? ಬೊಕ್ಕಸದಲ್ಲಿ ಏನಿದೆಯೆಂದು ತಿಳಿಯದೆ ಬಟವಾಡೆ ಮಾಡಿದಂತಾಯಿತು.

ಇನ್ನು ದೊಡ್ಡವರ ಶಿಕಾರಿಗೆ ಮಿತಿಯೆಂಬುದೇ ಇರಲಿಲ್ಲ. ಭರತಪುರದ ಕೇವಲಾದೇವ ಘನಾದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ಶಿಕಾರಿಯಲ್ಲಿ ಒಂದೇ ದಿನ 4,273 ಹಕ್ಕಿಗಳು ಬಿದ್ದವು. ಆ ಲೆಕ್ಕವನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಇಂದಿಗೂ ನೋಡಬಹುದು. ಆಗ ಅದು ಹೆಮ್ಮೆಯ ಶಾಸನ. ಈಗ ಓದಿದವರು ತಲೆ ತಗ್ಗಿಸುತ್ತಾರೆ. ಅದೇ ಜಾಗ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಆದರೆ ಎಲ್ಲ ಹಕ್ಕಿಗಳಿಗೂ ಅಷ್ಟು ಕಾಲ ಕಾಯುವ ಭಾಗ್ಯವಿರಲಿಲ್ಲ. ಗಂಗಾ ಬಯಲಿನ ಜೌಗುಗಳಲ್ಲಿದ್ದ ಗುಲಾಬಿ ತಲೆಯ ಬಾತನ್ನು ಖಚಿತವಾಗಿ ಕಂಡದ್ದು ಕೊನೆಯದಾಗಿ 1935ರಲ್ಲಿ, ಬಿಹಾರದ ದರ್ಭಂಗಾದ ಕಡೆ. ಹಿಮಾಲಯದ ಒಂದು ಜಾತಿಯ ಲಾವಕ್ಕಿ 1876ರ ಮೇಲೆ ಖಚಿತವಾಗಿ ಕಣ್ಣಿಗೆ ಬಿದ್ದಿಲ್ಲ. ಎರಡೂ ಶಿಕಾರಿಯವರು ಬೇಟೆಯ ಹಕ್ಕಿಯೆಂದು ಎಣಿಸುತ್ತಿದ್ದ ಕುಲಕ್ಕೆ ಸೇರಿದವು.

ಈಗ ಅಮೆರಿಕದ ಸೋದರಮಾವನ ವಿಷಯ. ಅವರು ತಪ್ಪೇನೂ ಮಾಡುತ್ತಿಲ್ಲ. ಅಲ್ಲಿಯ ಕಾಯಿದೆ ಬೇರೆ. ಆ ದೇಶವೂ ಪೆಟ್ಟು ತಿಂದು ಕಲಿತದ್ದೇ. ಒಂದು ಕಾಲಕ್ಕೆ ಆಕಾಶ ಮುಚ್ಚುವಷ್ಟಿದ್ದ ಪ್ರವಾಸಿ ಪಾರಿವಾಳಗಳನ್ನು ಮಿತಿಯಿಲ್ಲದೆ ಹೊಡೆದು ಹೊಡೆದು, ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತುಹೋಯಿತು. 1918ರಲ್ಲಿ ವಲಸೆ ಹಕ್ಕಿಗಳ ಕಾಯಿದೆ ಬಂತು. 1934ರಿಂದ ಬಾತಿನ ಶಿಕಾರಿಯವರು ಒಂದು ವಿಶೇಷ ಸ್ಟಾಂಪು ಕೊಳ್ಳಬೇಕು. ಅಂದು ಒಂದು ಡಾಲರು, ಇಂದು 25 ಡಾಲರು. ಆ ಹಣದ ಬಹುಪಾಲು ಹಕ್ಕಿಗಳಿಗೆ ಜೌಗುಭೂಮಿ ಕೊಳ್ಳುವುದಕ್ಕೇ ಹೋಗುತ್ತದೆ. 1955ರಿಂದ ವಿಮಾನದಲ್ಲಿ ಹಾರಿ ಮರಿಮಾಡುವ ಬಾತುಗಳ ಗಣತಿ ನಡೆಸುತ್ತ ಬಂದಿದ್ದಾರೆ. ಆ ಗಣತಿಯ ಆಧಾರದ ಮೇಲೆ ಆ ವರ್ಷದ ದಿನಗಳನ್ನೂ ದಿನಕ್ಕೆ ಎಷ್ಟು ಹಕ್ಕಿ ಎಂಬುದನ್ನೂ ಗೊತ್ತುಮಾಡುತ್ತಾರೆ. ಹೆಚ್ಚಿನ ಕಡೆ ದಿನಕ್ಕೆ ಆರು ಬಾತು. ಅದರಲ್ಲೂ ಕೆಲವು ಜಾತಿಗೆ ಒಂದೋ ಎರಡೋ. ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. 1991ರಿಂದ ಬಾತಿನ ಶಿಕಾರಿಗೆ ಸೀಸದ ಚರೆಯನ್ನೂ ಬಿಡಿಸಿದ್ದಾರೆ, ಏಕೆಂದರೆ ಕೆರೆಯ ತಳದಲ್ಲಿ ಬಿದ್ದ ಸೀಸವನ್ನು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದವು. ಅಂದರೆ ಅಲ್ಲಿ ಲೈಸೆನ್ಸಿನ ಹಿಂದೆ ಗಣತಿಯಿದೆ, ಹಣವಿದೆ, ನೋಡಿ ಹಿಡಿಯುವ ಆಳುಗಳಿದ್ದಾರೆ. ಲೈಸೆನ್ಸಿನ ಕಾಗದವನ್ನು ಮಾತ್ರ ತಂದು, ಹಿಂದಿನದೆಲ್ಲವನ್ನೂ ಅಲ್ಲೇ ಬಿಟ್ಟರೆ ಪ್ರಯೋಜನವಿಲ್ಲ.

ನಮ್ಮ ದೇಶ ಬೇರೆ ದಾರಿ ಹಿಡಿಯಿತು. 1991ರಲ್ಲಿ ಕಾಯಿದೆಗೆ ತಿದ್ದುಪಡಿ ಮಾಡಿ ಬೇಟೆಯ ಪರವಾನಿಗೆಯ ವಿಧಿಗಳನ್ನೆಲ್ಲ ತೆಗೆದುಹಾಕಿದರು. ಆ ತಿದ್ದುಪಡಿ ಜಾರಿಗೆ ಬಂದ ದಿನ ಅಕ್ಟೋಬರ್ 2. ನಾವಿರುವ ನಾಡಿನಲ್ಲಿ ಆ ದಿನದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರಲ್ಲಿ ಮತ್ತೊಂದು ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಆರು ಅನುಸೂಚಿಗಳಿದ್ದುದು ನಾಲ್ಕಾಗಿವೆ. ಮೊದಲೆರಡು ಅನುಸೂಚಿಗಳಲ್ಲಿರುವ ಯಾವ ಪ್ರಾಣಿಯನ್ನೂ ಹಕ್ಕಿಯನ್ನೂ ಬೇಟೆಯಾಡುವಂತಿಲ್ಲ. ಮನುಷ್ಯನ ಜೀವಕ್ಕೆ ಅಪಾಯ, ವಾಸಿಯಾಗದ ರೋಗ, ವೈಜ್ಞಾನಿಕ ಅಧ್ಯಯನ ಮುಂತಾದ ಕೆಲವು ಸಂದರ್ಭಗಳಲ್ಲಿ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು, ಅಷ್ಟೇ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ. ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. 1912ರ ಐವತ್ತು ರೂಪಾಯಿಯ ಕಾಲ ಹೋಯಿತು.

ನಮ್ಮ ಮನೆಗಳಿಗೆ ಸಂಬಂಧಪಟ್ಟ ನಾಲ್ಕು ಮಾತುಗಳನ್ನು ಇಲ್ಲಿಯೇ ಹೇಳಬೇಕು.

ಮೊದಲನೆಯದು, ಅಜ್ಜನ ಕೋವಿ. ಬೇಟೆಯ ಪರವಾನಿಗೆ ಬೇರೆ, ಕೋವಿಯ ಲೈಸೆನ್ಸು ಬೇರೆ. ಕೋವಿಗೆ 1959ರ ಆಯುಧ ಕಾಯಿದೆ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಅವರ ಕೋವಿಯನ್ನು ಲೈಸೆನ್ಸಿಲ್ಲದ ಮಕ್ಕಳು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ತಡಮಾಡದೆ ಹತ್ತಿರದ ಪೊಲೀಸು ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ಆಯುಧ ವ್ಯಾಪಾರಿಯಲ್ಲಾಗಲಿ ಒಪ್ಪಿಸಿ ರಶೀದಿ ಪಡೆಯಬೇಕು. ಬೇಕೆಂದರೆ ವಾರಸುದಾರರು ತಮ್ಮ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿಕೊಳ್ಳಬಹುದು. ಸೂರತ್ತಿನ ಗೃಹಸ್ಥರು ಈ ಕೆಲಸವನ್ನು ಮುಂದಿನ ರಜೆಗೆಂದು ಮುಂದೂಡಬಾರದು. ಕೋವಿಯನ್ನು ಬಸ್ಸಿನಲ್ಲೋ ರೈಲಿನಲ್ಲೋ ಇತ್ತ ತರುವ ಸಾಹಸವನ್ನಂತೂ ಮಾಡಲೇಬಾರದು.

ಎರಡನೆಯದು, ಕಾಯಿದೆಯಲ್ಲಿ ಬೇಟೆ ಎಂಬ ಮಾತಿಗೆ ಬಹಳ ವಿಶಾಲವಾದ ಅರ್ಥವಿದೆ. ಕೊಲ್ಲುವುದು ಮಾತ್ರವಲ್ಲ, ಬಲೆ ಹಾಕುವುದು, ಹಿಡಿಯುವುದು, ಅಟ್ಟುವುದು, ಗೂಡು ಕೀಳುವುದು, ಮೊಟ್ಟೆ ಒಡೆಯುವುದು ಎಲ್ಲವೂ ಬೇಟೆಯೇ. ಹುಡುಗರ ಕವಣೆ ಮತ್ತು ಚರೆ ಬಂದೂಕಿಗೂ ಇದು ಅನ್ವಯಿಸುತ್ತದೆ.

ಮೂರನೆಯದು, ಪಂಜರದ ಗಿಳಿ. ನಮ್ಮ ದೇಶದ ಗಿಳಿಗಳನ್ನು ಸಾಕುವುದೂ ಕೊಳ್ಳುವುದೂ ಕಾಯಿದೆಗೆ ವಿರುದ್ಧ. “ಊರಿನಲ್ಲಿ ಎಲ್ಲರ ಮನೆಯಲ್ಲೂ ಇತ್ತು” ಎಂಬುದು ಉತ್ತರವಾಗುವುದಿಲ್ಲ. ಹಾಗೆಯೇ ಹೋಟೆಲುಗಳಲ್ಲಿ ಬಟೇರ್ ಎಂದು ಬಡಿಸುವುದು ಸಾಕಿದ ಜಪಾನಿ ಲಾವಕ್ಕಿಯನ್ನು. ಹೊಲದ ಗೌಜಲಕ್ಕಿ, ಲಾವಕ್ಕಿಗಳನ್ನು ಯಾರಾದರೂ ಗುಟ್ಟಾಗಿ ಮಾರಲು ತಂದರೆ ಕೊಂಡವರೂ ಅಪರಾಧಿಗಳೇ.

ನಾಲ್ಕನೆಯದು, ಉತ್ತರಾಯಣದ ಗಾಳಿಪಟ. ಕೋವಿಯಿಲ್ಲದೆ ಹಕ್ಕಿಗಳು ಬೀಳುವ ದಿನಗಳೆಂದರೆ ಜನವರಿಯ 14 ಮತ್ತು 15. ಗಾಜು ಲೇಪಿಸಿದ ದಾರಕ್ಕೆ ರೆಕ್ಕೆ ಸಿಕ್ಕಿ ಪಾರಿವಾಳ, ಬೆಳ್ಳಕ್ಕಿ, ಕೆಂಬರಲುಗಳು ನೆಲಕ್ಕೆ ಬೀಳುತ್ತವೆ. ನೈಲಾನ್ ದಾರವನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠ ದೇಶದಲ್ಲೆಲ್ಲ ನಿಷೇಧಿಸಿತು. ಅದೇ ವರ್ಷ ಗುಜರಾತ ಸರ್ಕಾರ ಕರುಣಾ ಅಭಿಯಾನವನ್ನು ಆರಂಭಿಸಿತು. ಗಾಯಗೊಂಡ ಹಕ್ಕಿ ಕಂಡರೆ 1962 ಎಂಬ ನಂಬರಿಗೆ ಫೋನು ಮಾಡಬಹುದು. ಹಕ್ಕಿಗಳು ಗೂಡು ಬಿಡುವ ಮುಂಜಾನೆಯಲ್ಲೂ ಗೂಡಿಗೆ ಮರಳುವ ಸಂಜೆಯಲ್ಲೂ ಮಕ್ಕಳು ದಾರ ಸುತ್ತಿ ಕೆಳಗಿಳಿದರೆ ಹಬ್ಬಕ್ಕೆ ಯಾವ ಕೊರತೆಯೂ ಆಗದು. ಅಷ್ಟು ಹೊತ್ತು ಉಂಧಿಯೂ ಜಲೇಬಿಯೂ ಇದ್ದೇ ಇವೆ.

ಇಷ್ಟು ಹೇಳಿ ಮುಗಿಸಿದರೆ ಕಾಯಿದೆಯ ಒಂದು ಮಗ್ಗುಲನ್ನು ಮಾತ್ರ ಹೇಳಿದಂತಾಗುತ್ತದೆ. ವೈಸರಾಯರಿಗೆ ಬೇಟೆ ವಿನೋದವಾಗಿತ್ತು. ಕೆಲವರಿಗೆ ಅದೇ ಅನ್ನವಾಗಿತ್ತು. ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರ ಹೆಸರನ್ನು ಎಲ್ಲರೂ ಕೇಳಿದ್ದೀರಿ. ಹಕ್ಕಿ ಹಿಡಿಯುವುದೇ ಅವರ ಕುಲದ ಕಸಬು. ಗೌಜಲಕ್ಕಿಗೆ ಉರುಳು ಒಡ್ಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರ ಮನೆಮಾತು ವಾಗ್ರಿ, ಗುಜರಾತಿಗೆ ಬಹು ಹತ್ತಿರದ ನುಡಿ. ತಮ್ಮ ಹಿರಿಯರು ಗುಜರಾತ, ರಾಜಸ್ಥಾನಗಳ ಕಡೆಯಿಂದ ದಕ್ಷಿಣಕ್ಕೆ ಬಂದವರೆಂದು ಅವರು ಹೇಳಿಕೊಳ್ಳುತ್ತಾರೆ. ನಾವು ಕನ್ನಡ ಮಾತಾಡುತ್ತ ಗುಜರಾತಿನಲ್ಲಿ ಮನೆ ಮಾಡಿದ್ದೇವೆ. ಅವರು ಗುಜರಾತಿಯ ತಂಗಿಯಂಥ ನುಡಿಯನ್ನಾಡುತ್ತ ನಮ್ಮೂರುಗಳಲ್ಲಿ ಮನೆ ಮಾಡಿದ್ದಾರೆ. ಕಾಯಿದೆ ಬಂದ ಮೇಲೆ ಅವರ ಕಸಬು ಅಪರಾಧವಾಯಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಬೆಂಗಳೂರಿನ ಹತ್ತಿರದ ಬನ್ನೇರುಘಟ್ಟ ಮುಂತಾದ ಕಡೆ ಅವರು ನೆಲೆ ನಿಂತರು. ಹಲವರು ಗಿಡಮೂಲಿಕೆಯ ಎಣ್ಣೆ ಮಾರುತ್ತ ಊರೂರು ಸುತ್ತುತ್ತಾರೆ, ಆಫ್ರಿಕದವರೆಗೂ ಹೋಗುತ್ತಾರೆ. 2023ರಲ್ಲಿ ಸುಡಾನಿನಲ್ಲಿ ಕಾಳಗ ಹತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ಹಕ್ಕಿಗಳನ್ನು ಉಳಿಸಲು ದೇಶ ಕಟ್ಟಿದ ಬೆಲೆಯಲ್ಲಿ ಒಂದು ಪಾಲನ್ನು ಈ ಜನ ಕೊಟ್ಟರು. ಕೋವಿಯನ್ನು ಗೋಡೆಗೆ ತೂಗುಹಾಕಿದವನ ನಷ್ಟಕ್ಕೂ ಉರುಳನ್ನು ಕೆಳಗಿಟ್ಟವನ ನಷ್ಟಕ್ಕೂ ವ್ಯತ್ಯಾಸವಿದೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ಮತ್ತೊಂದು ಮಾತು. ಬೇಟೆ ನಿಂತಿತೆಂದು ಹಕ್ಕಿಗಳೆಲ್ಲ ಉಳಿದವೆಂದು ತಿಳಿಯಬೇಕಾಗಿಲ್ಲ. ಎರೆಭೂತವನ್ನೇ ನೋಡಿ, ಇಲ್ಲಿಯವರು ಇದನ್ನು ಘೋರಾಡ್ ಎನ್ನುತ್ತಾರೆ. ಹಿಂದೆ ಕಚ್ಛದ ಹುಲ್ಲುಗಾವಲಿನಲ್ಲೂ ನಮ್ಮ ರಾಣೇಬೆನ್ನೂರು, ಸಿರುಗುಪ್ಪಗಳ ಎರೆಹೊಲಗಳಲ್ಲೂ ಅದು ಓಡಾಡುತ್ತಿತ್ತು. ಇಂದು ಇಡೀ ದೇಶದಲ್ಲಿ ಅದರ ಸಂಖ್ಯೆ ಇನ್ನೂರಕ್ಕೂ ಕಡಿಮೆ. ಅದನ್ನು ಮೊದಲು ಸವೆಸಿದ್ದು ಕೋವಿ. ಆಮೇಲೆ ಹುಲ್ಲುಗಾವಲು ಹೊಲವಾಯಿತು. ಈಗ ಹಾರುವ ದಾರಿಯಲ್ಲಿ ವಿದ್ಯುತ್ ತಂತಿಗಳು ಎದುರಾಗುತ್ತಿವೆ. ಸುಪ್ರೀಂ ಕೋರ್ಟು 2021ರಲ್ಲಿ ತಂತಿಗಳನ್ನು ನೆಲದಡಿಗೆ ಹಾಕಲು ಆಜ್ಞೆ ಮಾಡಿ, 2024ರಲ್ಲಿ ಅದನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಬೇಟೆಗಾರನನ್ನು ಹಿಡಿದು ಕೋರ್ಟಿಗೆ ತರಬಹುದು. ತಂತಿಗೆ ಯಾವ ಕಟಕಟೆ?

ಆದುದರಿಂದ ಹುಡುಗನಿಗೆ ನನ್ನ ಸಲಹೆ ಇಷ್ಟು. ಅವನಲ್ಲಿರುವ ಶಿಕಾರಿಯ ಹುರುಪು ಕೆಟ್ಟದ್ದಲ್ಲ. ಸಲೀಂ ಅಲಿಯವರೂ ಬಾಲ್ಯದಲ್ಲಿ ಚರೆ ಬಂದೂಕು ಹಿಡಿದವರೇ; ತಾವು ಹೊಡೆದ ಒಂದು ಗುಬ್ಬಿಯ ಕುಲವನ್ನು ತಿಳಿಯಲು ಹೋಗಿ ಪಕ್ಷಿಶಾಸ್ತ್ರಜ್ಞರಾದರು. ಮೈಸೂರಿನ ಹಕ್ಕಿಗಳ ಸಮೀಕ್ಷೆಯನ್ನೂ ಗುಜರಾತಿನ ಹಕ್ಕಿಗಳ ಸಮೀಕ್ಷೆಯನ್ನೂ ಬರೆದವರು ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದೂ ಅವರ ಮಾತಿನಿಂದಲೇ. ಬೆಳಗಿನ ಚಳಿಯಲ್ಲಿ ಎದ್ದು, ಸದ್ದಿಲ್ಲದೆ ಕುಳಿತು, ಹಾರುವ ರೀತಿಯಿಂದಲೇ ಹಕ್ಕಿಯ ಜಾತಿ ಹೇಳುವುದು ಶಿಕಾರಿಯ ಅರ್ಧಕ್ಕಿಂತ ಹೆಚ್ಚಿನ ಭಾಗ. ಅದಕ್ಕೆ ಯಾವ ಪರವಾನಿಗೆಯೂ ಬೇಡ. ಅಭಯಾರಣ್ಯದ ಬಾಗಿಲಲ್ಲಿ ಪ್ರವೇಶದ ಚೀಟಿ ಸಾಕು.

ಜಾಗಗಳಿಗೂ ನಮಗೆ ಕೊರತೆಯಿಲ್ಲ. ಅಹಮದಾಬಾದಿನಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ 120 ಚದರ ಕಿಲೋಮೀಟರಿನ ನಲ್ ಸರೋವರ. 1969ರಲ್ಲಿ ಅಭಯಾರಣ್ಯವಾಗಿ, 2012ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಗಾಯಕವಾಡರ ಕಾಲದಲ್ಲಿ ನೀರಾವರಿಗೆಂದು ಕಟ್ಟಿದ ಥೋಳ್ ಕೆರೆಯೂ ಡಭೋಯಿಯ ಹತ್ತಿರದ ವಢವಾಣಾ ಕೆರೆಯೂ 2021ರಲ್ಲಿ ಅದೇ ಪಟ್ಟಿಗೆ ಬಂದವು. ಸೂರತ್ತಿನವರಿಗೆ ಊರ ಮಗ್ಗುಲಲ್ಲೇ ಗವಿಯರ್ ಕೆರೆಯಿದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಕಡುಬಣ್ಣದ ಬಟ್ಟೆ ಬೇಡ, ರೇಡಿಯೋ ಬೇಡ. ದೋಣಿಯಲ್ಲಿ ಕುಳಿತು ಕಡಲಕ್ಕಿಗಳಿಗೆ ಗಾಂಠಿಯಾ ಎಸೆಯುವ ಔದಾರ್ಯವೂ ಬೇಡ. ಎಣ್ಣೆಯಲ್ಲಿ ಕರಿದದ್ದು ನಮಗೇ ಒಳ್ಳೆಯದಲ್ಲವೆಂದು ಡಾಕ್ಟರು ಹೇಳುತ್ತಿರುವಾಗ ಹಕ್ಕಿಗೇಕೆ?

ವಢವಾಣಾದಲ್ಲಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಬೂದು ಹೆಬ್ಬಾತುಗಳು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡಿ. ಹಿಮಾಲಯವನ್ನು ದಾಟಿ ಬರುವ ಇದೇ ಜಾತಿಯ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಪ್ರತಿ ಚಳಿಗಾಲ ಬಂದಿಳಿಯುತ್ತವೆ. ಆ ಕೆರೆಯೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಪ್ರತಿ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲೆಲ್ಲ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದುಬಂದಿರುವ ಕೆಲಸವಿದು. ಅದಕ್ಕೆ ಎಣಿಸಬಲ್ಲ ಕಣ್ಣುಗಳು ಯಾವಾಗಲೂ ಬೇಕು. ನಮ್ಮ ಮೂರು ಊರುಗಳ ಹುಡುಗ ಹುಡುಗಿಯರು ಒಂದು ದುರ್ಬೀನು, ಒಂದು ನೋಟುಪುಸ್ತಕ ಹಿಡಿದು ಸೇರಿಕೊಳ್ಳಬಹುದು. ಅಲ್ಲಿ ಬರೆಯುವ ಅಂಕಿಗೆ ಮಿತಿಯೆಂಬುದಿಲ್ಲ. ಎಷ್ಟು ಹೆಚ್ಚಾದರೂ ಯಾರೂ ದಂಡ ಹಾಕುವುದಿಲ್ಲ.